ಹುಬ್ಬಳ್ಳಿ-ಧಾರವಾಡದ ಥಂಡಿಗೆ ಮೀನಿನ ಟ್ಯಾಂಕಿಗೆ ಹೀಟರ್ ಬೇಕಾ?

ಸಪ್ತಾಪುರ_ಹೊಸಬ
ಎಲ್ಲರಿಗೂ ನಮಸ್ಕಾರ ರೀ. ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಮಗಳಿಗೆ ಮೀನು ಅಂದರೆ ಪ್ರಾಣ. ದೀಪಾವಳಿಗೆ ಟ್ಯಾಂಕ್ ತಂದೆವು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಗಪ್ಪಿ, ಕರಿ ಮೋಲಿ, ಒಂದು ಜೋಡಿ ಏಂಜಲ್ ಇವೆ. ಟೇಬಲ್ ಮೇಲೆ ಬೇರೆ ಗಾಜಿನ ಬೌಲ್‌ನಲ್ಲಿ ಒಂದು ಫೈಟರ್ ಇದೆ.

ಈಗ ಥಂಡಿ ಶುರುವಾಗಿದೆ. ಮುಂಜಾನೆ ಲೈಟ್ ಹಾಕಿದಾಗ ಮೀನುಗಳು ತಳದಲ್ಲಿ ಸುಮ್ನೆ ನಿಂತಿರುತ್ತವೆ. ಮೋಲಿ ರೆಕ್ಕೆ ಮುದುಡಿಕೊಂಡು ಇದ್ದಲ್ಲೇ ಓಲಾಡುತ್ತದೆ. ಹನ್ನೊಂದು ಗಂಟೆ ಹೊತ್ತಿಗೆ ಎಲ್ಲವೂ ಮತ್ತೆ ಓಡಾಡುತ್ತವೆ. ಅಂಗಡಿಯವರು ಹೀಟರ್ ತಗೊಳ್ಳಲೇಬೇಕು ಅನ್ನುತ್ತಾರೆ. ಪಕ್ಕದ ಮನೆ ಕಾಕಾ, 'ಇಷ್ಟು ಬಿಸಿಲಿನ ಊರಿಗೆ ಹೀಟರ್ ಯಾಕೆ, ಅದು ಊಟಿಯವರಿಗೆ' ಅನ್ನುತ್ತಾರೆ. ಯಾರ ಮಾತು ಕೇಳಲಿ?

ಗದಗ_ಗಾಳಿ
ಕಾಕಾ ಹೇಳಿದ್ದೇ ಸರಿ. ನಾನು ಗದಗದಲ್ಲಿ ಬಹಳ ವರ್ಷದಿಂದ ಗಪ್ಪಿ ಸಾಕುತ್ತಿದ್ದೇನೆ. ಹೀಟರ್ ಮುಟ್ಟಿಲ್ಲ. ನಮ್ಮ ಹೊಲದ ಬಾವಿಯಲ್ಲಿ ಗಪ್ಪಿ ತಾವೇ ಬೆಳೆದಿವೆ. ಅಲ್ಲಿ ಯಾರು ಹೀಟರ್ ಹಾಕಿದ್ದಾರೆ? ಸುಮ್ನೆ ಖರ್ಚು ಮಾಡಬೇಡಿ.

ಉಣಕಲ್_ಅಕ್ವಾ
ಸಪ್ತಾಪುರದವರೇ, ಮೊದಲು ಒಂದು ಥರ್ಮಾಮೀಟರ್ ತಗೊಳ್ಳಿ. ಟ್ಯಾಂಕ್ ಒಳಗೆ ಇಳಿಬಿಡುವ ಗಾಜಿನದು ಸಾಕು. ಗಾಜಿನ ಹೊರಗೆ ಅಂಟಿಸುವ ಪಟ್ಟಿ ಬೇಡ, ಅದು ಅರ್ಧ ನೀರಿನ ಬಿಸಿ ತೋರಿಸಿದರೆ ಅರ್ಧ ಕೋಣೆಯ ಬಿಸಿ ತೋರಿಸುತ್ತದೆ. ಮುಂಜಾನೆ ಆರಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ನೋಡಿ ಬರೆದಿಡಿ. ಹೀಟರ್ ಬೇಕೋ ಬೇಡವೋ ಅನ್ನುವುದನ್ನು ಆ ಎರಡು ಅಂಕಿಗಳೇ ಹೇಳುತ್ತವೆ. ಊರಿನ ಬಿಸಿಲು ನೋಡಿ ತೀರ್ಮಾನ ಮಾಡುವ ವಿಷಯ ಇದಲ್ಲ.

ಯಾಕೆ ಅಂತ ಹೇಳುತ್ತೇನೆ. ಧಾರವಾಡ ಸಮುದ್ರಮಟ್ಟಕ್ಕಿಂತ 700 ಮೀಟರ್‌ಗೂ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ಹಗಲು 28-29 ಡಿಗ್ರಿ ಇರುತ್ತದೆ, ಅಂಗಿ ಬಿಚ್ಚಬೇಕು ಅನಿಸುತ್ತದೆ. ಆದರೆ ರಾತ್ರಿ 14-15ಕ್ಕೆ ಇಳಿಯುತ್ತದೆ, ಕೆಲವು ದಿನ ಅದಕ್ಕಿಂತ ಕೆಳಗೂ ಹೋಗುತ್ತದೆ. ಒಂದೇ ದಿನದಲ್ಲಿ 14-15 ಡಿಗ್ರಿ ವ್ಯತ್ಯಾಸ. ನಮಗೆ ಕೌದಿ ಇದೆ, ಸ್ವೆಟರ್ ಇದೆ. ಮೀನಿನ ಮೈ ಬಿಸಿ ಅಂದರೆ ಅದರ ಸುತ್ತ ಇರುವ ನೀರಿನ ಬಿಸಿಯೇ. ನೀರು 19ಕ್ಕೆ ಇಳಿದರೆ ಅದರ ರಕ್ತವೂ 19. ಹೊಟ್ಟೆಯಲ್ಲಿರುವ ಆಹಾರ ಕರಗುವುದು, ರೋಗದ ಜೊತೆ ಹೋರಾಡುವ ಶಕ್ತಿ, ಉಸಿರಾಟ, ಎಲ್ಲವೂ ನಿಧಾನವಾಗುತ್ತದೆ.

ಏಂಜಲ್ ಮೂಲತಃ ಅಮೆಜಾನ್ ನದಿಯ ಕಡೆಯದು. ಅಲ್ಲಿನ ನೀರು ಹಗಲು ರಾತ್ರಿ ಹೆಚ್ಚು ಕಮ್ಮಿ ಒಂದೇ ತರಹ ಬೆಚ್ಚಗಿರುತ್ತದೆ. ದೊಡ್ಡ ನೀರು ಬೇಗ ಕಾಯುವುದೂ ಇಲ್ಲ, ಬೇಗ ತಣಿಯುವುದೂ ಇಲ್ಲ. ಹಂಡೆಯಲ್ಲಿ ಕಾಸಿದ ನೀರು ತಾಸುಗಟ್ಟಲೆ ಬೆಚ್ಚಗಿರುತ್ತದೆ, ಅದೇ ನೀರು ತಂಬಿಗೆಗೆ ಹಾಕಿಟ್ಟರೆ ಬೇಗ ಆರುತ್ತದೆ, ಅಲ್ವಾ? ನಿಮ್ಮ ಟ್ಯಾಂಕ್ 54 ಲೀಟರ್ ಅಳತೆಯದು. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ 45 ಲೀಟರ್ ನೀರು ಇರಬಹುದು. ಅದು ಕೋಣೆಯ ಜೊತೆಗೇ ಏರುತ್ತದೆ, ಕೋಣೆಯ ಜೊತೆಗೇ ಇಳಿಯುತ್ತದೆ. ಫೈಟರ್ ಬೌಲ್ ಅಂತೂ ಎರಡು ಮೂರು ಲೀಟರ್ ಇರಬೇಕು. ನನಗೆ ನಿಜವಾದ ಚಿಂತೆ ಇರುವುದು ಅದರದ್ದೇ.

ಇನ್ನೊಂದು ಮಾತು. ಏಂಜಲ್ ದೊಡ್ಡದಾದ ಮೇಲೆ ಗಪ್ಪಿಗಳನ್ನು ನುಂಗುತ್ತದೆ. ಮೊದಲು ಮರಿಗಳು, ಆಮೇಲೆ ದೊಡ್ಡವು. ಮಗಳು ನೊಂದುಕೊಳ್ಳುವ ಮೊದಲೇ ಬೇರೆ ಮಾಡುವ ಯೋಚನೆ ಮಾಡಿ. ಏಂಜಲ್‌ಗೆ ಒಂದಡಿಗಿಂತ ಎತ್ತರದ ಟ್ಯಾಂಕೂ ಬೇಕಾಗುತ್ತದೆ.

ಗದಗ_ಗಾಳಿ
ನನ್ನ ಬಾವಿ ಗಪ್ಪಿಗೆ ಉತ್ತರ ಬರಲಿಲ್ಲ ಉಣಕಲ್ ಅಣ್ಣಾ.

ಉಣಕಲ್_ಅಕ್ವಾ
ಬಾವಿ ಗಪ್ಪಿ ನಿಜ ಅಣ್ಣಾ, ನಾನು ಅಲ್ಲಗಳೆಯುವುದಿಲ್ಲ. ಸೊಳ್ಳೆ ಮರಿ ತಿನ್ನಲಿ ಅಂತ ಮಲೇರಿಯಾ ನಿಯಂತ್ರಣಕ್ಕೆ ನಮ್ಮ ರಾಜ್ಯದ ಎಷ್ಟೋ ಬಾವಿ, ತೊಟ್ಟಿಗಳಿಗೆ ಗಪ್ಪಿ ಬಿಟ್ಟಿದ್ದಾರೆ. ಅವು ಬದುಕಿವೆ. ಆದರೆ ಬಾವಿಯ ನೀರನ್ನು ಮುಟ್ಟಿ ನೋಡಿ. ಜನವರಿ ಮುಂಜಾನೆ ಬಾವಿ ನೀರು ಕೈಗೆ ಬೆಚ್ಚಗೆ ಹತ್ತುತ್ತದೆ. ಏಪ್ರಿಲ್ ಮಧ್ಯಾಹ್ನ ಅದೇ ನೀರು ತಣ್ಣಗಿರುತ್ತದೆ. ನೀರು ಬದಲಾಗಿಲ್ಲ, ಹೊರಗಿನ ಗಾಳಿ ಬದಲಾಗಿದೆ. ನೆಲದ ಆಳದಲ್ಲಿ ವರ್ಷವಿಡೀ ಹೆಚ್ಚು ಕಮ್ಮಿ ಒಂದೇ ಬಿಸಿ, ನಮ್ಮ ಕಡೆ 24-25ರ ಆಸುಪಾಸು. ಅಂದರೆ ನಿಮ್ಮ ಬಾವಿಗೆ ನೆಲವೇ ಹೀಟರ್ ಆಗಿದೆ. ಟೇಬಲ್ ಮೇಲಿನ ಗಾಜಿನ ಪೆಟ್ಟಿಗೆಗೆ ಆ ಆಸರೆ ಇಲ್ಲ.

ಬಾವಿಯಲ್ಲಿ ಮೀನಿಗೆ ಆಯ್ಕೆಯೂ ಇದೆ. ಮೇಲೆ ಥಂಡಿಯಾದರೆ ಕೆಳಗೆ ಹೋಗುತ್ತದೆ. ಒಂದಡಿ ಟ್ಯಾಂಕ್‌ನಲ್ಲಿ ಎಲ್ಲಿಗೆ ಹೋದೀತು?

ಗಪ್ಪಿ ಗಟ್ಟಿ ಮೀನು ಅನ್ನುವುದೂ ನಿಜ. 22ರಿಂದ 28 ಅದಕ್ಕೆ ಹಿತ, 18-19ಕ್ಕೂ ತಡೆದುಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ತಲೆಮಾರುಗಳಿಂದ ಹುಟ್ಟಿ ಬೆಳೆದವು ಇನ್ನೂ ಗಟ್ಟಿ. ಅವುಗಳನ್ನು ನೋಡಿ ಏಂಜಲ್‌ಗೆ ಕಾಯಿದೆ ಮಾಡಲಿಕ್ಕೆ ಆಗುವುದಿಲ್ಲ.

ವಿದ್ಯಾನಗರ_ಅಕ್ಕ
ಅಂಗಡಿಯಿಂದ ಹೊಸದಾಗಿ ತಂದ ಮೀನಿನ ಕಥೆ ಬೇರೆ ಅನ್ನುವುದನ್ನು ಯಾರೂ ಹೇಳಲಿಲ್ಲ. ನಮ್ಮ ಕಡೆ ಬರುವ ಎಷ್ಟೋ ಮೀನು ಚೆನ್ನೈನ ಕೊಳತ್ತೂರಿನವು. ಅಲ್ಲಿ ಬಯಲಲ್ಲೇ, ಸಿಮೆಂಟ್ ತೊಟ್ಟಿಯಲ್ಲಿ ಹೀಟರ್ ಇಲ್ಲದೆ ಬೆಳೆಸುತ್ತಾರೆ. ಚೆನ್ನೈನಲ್ಲಿ ಜನವರಿ ರಾತ್ರಿಯೂ 20-21 ಇರುತ್ತದೆ. ಅಲ್ಲಿಂದ ಆಮ್ಲಜನಕ ತುಂಬಿದ ಕವರ್‌ನಲ್ಲಿ, ಥರ್ಮಾಕೋಲ್ ಡಬ್ಬದಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬರುತ್ತವೆ. ಮೊದಲೇ ದಣಿದಿರುತ್ತವೆ. ಇಲ್ಲಿಗೆ ಬಂದ ದಿನವೇ ಡಿಸೆಂಬರ್ ಥಂಡಿ. 'ದಕ್ಷಿಣ ಭಾರತಕ್ಕೆ ಹೀಟರ್ ಬೇಡ' ಅನ್ನುವ ಮಾತು ಚೆನ್ನೈಗೆ, ಮಂಗಳೂರಿಗೆ ಸರಿ ಇರಬಹುದು. ನಮ್ಮ ಎತ್ತರದ ಬಯಲಿಗೆ ಅದು ನಡೆಯುವುದಿಲ್ಲ.

ನಾನು ಡಿಸ್ಕಸ್ ಸಾಕುತ್ತೇನೆ. 28ರಿಂದ 30 ಬೇಕು ಅವಕ್ಕೆ. ಹೀಟರ್ ಇಲ್ಲದೆ ಡಿಸ್ಕಸ್ ಸಾಕುತ್ತೇನೆ ಅನ್ನುವವರನ್ನು ಕಂಡರೆ ನನಗೆ ಬಹಳ ಸಂಕಟ ಆಗುತ್ತದೆ. ಜೀವ ಇರುವ ಪ್ರಾಣಿ ಅದು. ಮೇಲಿಂದ ಮೇಲೆ ಕಪ್ಪಾಗಿ, ಮೂಲೆ ಹಿಡಿದು, ಊಟ ಬಿಟ್ಟು ನಿಲ್ಲುತ್ತದೆ. ನೋಡಲಿಕ್ಕೆ ಆಗುವುದಿಲ್ಲ.

ಸಪ್ತಾಪುರ_ಹೊಸಬ
ಅಕ್ಕಾ, ಅಣ್ಣಾರ, ಎಲ್ಲರಿಗೂ ಧನ್ಯವಾದ. ಥರ್ಮಾಮೀಟರ್ ತಂದಿದ್ದೇನೆ. ದೊಡ್ಡ ಟ್ಯಾಂಕ್ ಮುಂಜಾನೆ 20, ಮಧ್ಯಾಹ್ನ 25 ತೋರಿಸುತ್ತಿದೆ. ಫೈಟರ್ ಬೌಲ್ ಮುಂಜಾನೆ 17, ಮಧ್ಯಾಹ್ನ 26! ಮನೆ ಹಳೆಯದು, ಕಲ್ಲಿನ ಗೋಡೆ, ಮಂಗಳೂರು ಹಂಚು. ಟ್ಯಾಂಕ್ ಪಡಸಾಲೆಯಲ್ಲಿ ಕಿಡಕಿ ಪಕ್ಕ ಇದೆ. ಬೌಲ್ ಇರುವ ಟೇಬಲ್ ಮೇಲೆ ಹಗಲು ಬಿಸಿಲು ಬೀಳುತ್ತದೆ.

ಉಣಕಲ್_ಅಕ್ವಾ
ಇದೇ ನನಗೆ ಬೇಕಾಗಿದ್ದು. ಈಗ ಮಾತಾಡಬಹುದು.

ಬೌಲ್‌ನಲ್ಲಿ ದಿನಕ್ಕೆ 9 ಡಿಗ್ರಿ ಏರಿಳಿತ. ಫೈಟರ್‌ಗೆ ಬೇಕಾಗಿದ್ದು 24ರಿಂದ 28. ಅದು ಥಾಯ್ಲೆಂಡ್ ಕಡೆಯ ಗದ್ದೆ, ಜೌಗಿನ ಮೀನು. ಮೇಲೆ ಬಂದು ಗಾಳಿ ಗುಟುಕರಿಸುವ ಅಂಗ ಅದಕ್ಕಿದೆ, ಅದಕ್ಕೇ ಏರ್ ಪಂಪ್ ಇಲ್ಲದ ಬೌಲ್‌ನಲ್ಲೂ ಬದುಕುತ್ತದೆ. 'ಬದುಕುತ್ತದೆ' ಅನ್ನುವುದನ್ನೇ ಹಿಡಿದುಕೊಂಡು ಅಂಗಡಿಯವರು ಲೋಟದಷ್ಟು ನೀರಿನಲ್ಲಿ ಇಟ್ಟು ಮಾರುತ್ತಾರೆ. ಬೌಲ್‌ಗೆ ಹೀಟರ್ ಹಾಕಲಿಕ್ಕೆ ಹೋಗಬೇಡಿ. ಅಷ್ಟು ಸಣ್ಣ ನೀರು ಕ್ಷಣದಲ್ಲಿ ಕಾದುಬಿಡುತ್ತದೆ. ಅದನ್ನು 15-20 ಲೀಟರ್‌ನ ಸಣ್ಣ ಟ್ಯಾಂಕಿಗೆ ಬದಲಿಸಿ, 25 ವ್ಯಾಟ್ ಹೀಟರ್ ಹಾಕಿ. ಮೇಲೆ ಮುಚ್ಚಳ ಇರಲಿ. ನೀರು ಬೆಚ್ಚಗಿದ್ದು ಮೇಲಿನ ಗಾಳಿ ಕೊರೆಯುತ್ತಿದ್ದರೆ ಅದು ಗುಟುಕರಿಸುವುದೂ ಆ ಕೊರೆಯುವ ಗಾಳಿಯನ್ನೇ. ಬಿಸಿಲು ಬೀಳುವ ಟೇಬಲ್ ಬಿಟ್ಟು ಬೇರೆ ಕಡೆ ಇಡಿ.

ದೊಡ್ಡ ಟ್ಯಾಂಕಿಗೆ ಹೀಟರ್ ಮೊದಲ ಹೆಜ್ಜೆ ಅಲ್ಲ. ಮೊದಲು ಕಿಡಕಿಯಿಂದ ದೂರ ಸರಿಸಿ. ಖಾಲಿ ಮಾಡಿಯೇ ಸರಿಸಿ, ನೀರು ತುಂಬಿದ ಟ್ಯಾಂಕ್ ಎತ್ತಿದರೆ ಗಾಜಿನ ಜೋಡಣೆ ಬಿಡುತ್ತದೆ. ಕಲ್ಲಿನ ಹೊರಗೋಡೆಗೆ ತಾಗಿಸಬೇಡಿ. ತಳಕ್ಕೆ ಮತ್ತು ಹಿಂಬದಿಗೆ ಥರ್ಮಾಕೋಲ್ ಹಾಳೆ ಇಡಿ. ಮೇಲೆ ಮುಚ್ಚಳ ಹಾಕಿ. ಈ ಮುಚ್ಚಳವನ್ನು ಹಗುರವಾಗಿ ಕಾಣಬೇಡಿ. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಬಹಳ ಒಣ, ಮೈಚರ್ಮ ಒಡೆಯುತ್ತದೆ ನೋಡಿ, ಹಾಗೆ. ಒಣ ಗಾಳಿಗೆ ಟ್ಯಾಂಕಿನ ನೀರು ಆವಿಯಾಗುತ್ತದೆ, ಆವಿಯಾಗುವಾಗ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಅರ್ಧ ಲೀಟರ್ ನೀರು ಆವಿಯಾದರೆ ಅದು ಒಯ್ಯುವ ಬಿಸಿ 50 ಲೀಟರ್ ನೀರನ್ನು 5 ಡಿಗ್ರಿಗೂ ಹೆಚ್ಚು ತಣಿಸುವಷ್ಟು. ಕೋಣೆಯ ಗಾಳಿ ಅಷ್ಟರಲ್ಲಿ ಸ್ವಲ್ಪ ಬಿಸಿ ವಾಪಸ್ ಕೊಡುತ್ತದೆ, ಅದಕ್ಕೇ ನಿಜವಾಗಿ ಅಷ್ಟು ಇಳಿಯುವುದಿಲ್ಲ. ಆದರೂ ತೆರೆದ ಟ್ಯಾಂಕ್ ಮುಂಜಾನೆ ಹೊತ್ತಿಗೆ ಕೋಣೆಗಿಂತಲೂ ತಣ್ಣಗಿರುವುದು ಇದರಿಂದಲೇ.

ಇಷ್ಟು ಮಾಡಿ ಮತ್ತೆ ಅಳತೆ ನೋಡಿ. ಏಂಜಲ್ ಇಟ್ಟುಕೊಳ್ಳುತ್ತೀರಿ ಅಂದರೆ ಕೊನೆಗೆ ಹೀಟರ್ ಬೇಕೇ ಆಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅದು 24ಕ್ಕಿಂತ ಕೆಳಗೆ ಹಿತವಾಗಿ ಇರುವುದಿಲ್ಲ. ಮೋಲಿಗೂ ಅಷ್ಟೇ. ಮುಂಜಾನೆ ಇದ್ದಲ್ಲೇ ಓಲಾಡುತ್ತದೆ ಅಂದಿರಲ್ಲ, ಥಂಡಿ ತಡೆಯದ ಮೋಲಿ ಮೊದಲು ತೋರಿಸುವುದು ಅದನ್ನೇ.

ಹಾವೇರಿ_ವರದಾ
ಹೀಟರ್ ಬೇಡ ಅನ್ನುವವರು ಥಂಡಿ ತಡೆಯುವ ಮೀನನ್ನೇ ಸಾಕಬಹುದಲ್ಲ? ನಾನು ಹಾಗೇ ಮಾಡಿದ್ದೇನೆ. ಜೀಬ್ರಾ ಡೇನಿಯೋ ನಮ್ಮ ದೇಶದ್ದೇ ಮೀನು. 18ರಿಂದ 25ರಲ್ಲಿ ಚೆನ್ನಾಗಿ ಇರುತ್ತದೆ. ರೋಸಿ ಬಾರ್ಬ್ ಕೂಡ ಹಾಗೇ, ಚಳಿಗಾಲದಲ್ಲಿ ಅದರ ಗಂಡಿನ ಕೆಂಪು ನೋಡಲಿಕ್ಕೆ ಎರಡು ಕಣ್ಣು ಸಾಲದು. ಗೋಲ್ಡ್‌ಫಿಶ್‌ಗಂತೂ ಥಂಡಿಯೇ ಇಷ್ಟ, ಅದಕ್ಕೆ ಹೀಟರ್ ಹಾಕುವುದು ತಪ್ಪು. ಅಂಗಡಿಯಲ್ಲಿ ಗೋಲ್ಡ್‌ಫಿಶ್ ಜೊತೆ ಏಂಜಲ್, ಮೋಲಿ ಎಲ್ಲ ಒಂದೇ ಟ್ಯಾಂಕಿಗೆ ಕೊಡುತ್ತಾರೆ. ಒಂದಕ್ಕೆ ಹಿತವಾದರೆ ಇನ್ನೊಂದಕ್ಕೆ ಹಿಂಸೆ.

ಮೀನು ಕೊಳ್ಳುವಾಗ ಬಣ್ಣ ನೋಡುವುದಕ್ಕಿಂತ ಮೊದಲು ಅದಕ್ಕೆ ಎಷ್ಟು ಡಿಗ್ರಿ ಬೇಕು ಅಂತ ಕೇಳಬೇಕು. ನಮ್ಮ ಜನ ಕೇಳುವುದೇ ಇಲ್ಲ.

ಗದಗ_ಗಾಳಿ
ಈ ಮಾತು ಒಪ್ಪಿದೆ ಹಾವೇರಿ ಅಣ್ಣಾ. ಊರಿಗೆ ತಕ್ಕ ಮೀನು ಸಾಕಿದರೆ ಎಲ್ಲ ಗೊಂದಲ ಕಡಿಮೆ. ಉಣಕಲ್ ಅಣ್ಣನ ಬಾವಿ ಲೆಕ್ಕವೂ ಸರಿ ಇದೆ, ನಿನ್ನೆ ಹೊಲಕ್ಕೆ ಹೋದಾಗ ಥರ್ಮಾಮೀಟರ್ ದಾರ ಕಟ್ಟಿ ಇಳಿಬಿಟ್ಟೆ, 25 ಬಂತು. ಮನೆಯ ಗಪ್ಪಿ ತೊಟ್ಟಿ ಮುಂಜಾನೆ 19 ಇತ್ತು. ಆದರೂ ನನ್ನ ಗಪ್ಪಿಗೆ ಹೀಟರ್ ಹಾಕುವುದಿಲ್ಲ. ಹಿತ್ತಲ ಬಾಗಿಲ ಹತ್ತಿರದಿಂದ ಒಳಗೆ ತಂದು, ರಾತ್ರಿ ಮುಚ್ಚಳ ಹಾಕುತ್ತೇನೆ. ನಮ್ಮ ಗದಗದ ಗಾಳಿ ಗೊತ್ತಲ್ಲ, ಕಪ್ಪತಗುಡ್ಡದ ಮೇಲೆ ಸುಮ್ನೆ ಗಾಳಿ ಗಿರಣಿ ನಿಲ್ಲಿಸಿಲ್ಲ.

ಸಪ್ತಾಪುರ_ಹೊಸಬ
ನೀರು ಬದಲಿಸುವ ಬಗ್ಗೆ ಕೇಳಬೇಕು. ಭಾನುವಾರ ಮುಂಜಾನೆ ಅರ್ಧ ನೀರು ತೆಗೆದು ಹೊಸ ನೀರು ಹಾಕುತ್ತೇನೆ. ಮೇಲಿನ ಸಿಂಟೆಕ್ಸ್‌ನಿಂದ ಬರುವ ನಳದ ನೀರು. ಅವತ್ತೇ ಮೀನು ಜಾಸ್ತಿ ಮಂಕಾಗುತ್ತವೆ.

ಉಣಕಲ್_ಅಕ್ವಾ
ಆಗದೇ ಇರುತ್ತದಾ! ತಾರಸಿ ಮೇಲಿನ ಸಿಂಟೆಕ್ಸ್ ರಾತ್ರಿಯಿಡೀ ಬಯಲಲ್ಲಿ ನಿಂತು ತಣಿದಿರುತ್ತದೆ. ಡಿಸೆಂಬರ್ ಮುಂಜಾನೆ ಅದರ ನೀರು 16-17 ಇದ್ದರೆ ಆಶ್ಚರ್ಯವಿಲ್ಲ. ಲೆಕ್ಕ ಹಾಕಿ ನೋಡಿ. ಟ್ಯಾಂಕಿನಲ್ಲಿ 24 ಡಿಗ್ರಿಯ ನೀರು ಇದೆ ಅಂದುಕೊಳ್ಳಿ. ಅರ್ಧ ತೆಗೆದು 16ರ ನೀರು ಹಾಕಿದರೆ ಐದು ನಿಮಿಷದಲ್ಲಿ 20ಕ್ಕೆ ಇಳಿಯಿತು. ರಾತ್ರಿ ಪೂರ್ತಿ ನಿಧಾನಕ್ಕೆ ಇಳಿಯುವುದು ಬೇರೆ, ಐದು ನಿಮಿಷದಲ್ಲಿ ಇಳಿಯುವುದು ಬೇರೆ. ಎರಡನೆಯದೇ ಜಾಸ್ತಿ ಕೆಟ್ಟದ್ದು. ಹೀಟರ್ ಇದ್ದವರೂ ಇಲ್ಲೇ ಎಡವುತ್ತಾರೆ.

ಅರ್ಧ ಬೇಡ, ಕಾಲು ಭಾಗ ಸಾಕು. ಮುಂಜಾನೆ ಬೇಡ, ಮಧ್ಯಾಹ್ನ ಮಾಡಿ. ನೆಲದೊಳಗಿನ ಸಂಪಿನ ನೀರು ಸಿಕ್ಕರೆ ಅದೇ ಒಳ್ಳೆಯದು, ಅದು ತಾರಸಿ ಮೇಲಿನ ನೀರಿನಷ್ಟು ಬೇಗ ತಣಿಯುವುದಿಲ್ಲ. ಇನ್ನೂ ಒಳ್ಳೆಯದು ಅಂದರೆ, ಹಿಂದಿನ ದಿನವೇ ಬಕೆಟ್‌ನಲ್ಲಿ ಹಿಡಿದು ಟ್ಯಾಂಕ್ ಇರುವ ಕೋಣೆಯಲ್ಲೇ ಇಟ್ಟುಬಿಡಿ. ನಮಗೆ ಬರುವುದು ಸವದತ್ತಿ ಹತ್ತಿರದ ನವಿಲುತೀರ್ಥದ ಮಲಪ್ರಭಾ ನೀರು, ಕ್ಲೋರಿನ್ ಹಾಕಿಯೇ ಬಿಡುತ್ತಾರೆ. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿ ಹೋಗುತ್ತದೆ, ನೀರೂ ಕೋಣೆಯ ಬಿಸಿಗೆ ಬರುತ್ತದೆ. ಹಾಕುವ ಮೊದಲು ಬಕೆಟ್‌ಗೂ ಟ್ಯಾಂಕಿಗೂ ಥರ್ಮಾಮೀಟರ್ ಅದ್ದಿ ನೋಡಿ. ಒಂದೆರಡು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸ್ವಲ್ಪ ಕಾಸಿದ ನೀರು ಬಕೆಟ್‌ಗೆ ಬೆರೆಸಿ ಸಮ ಮಾಡಿ. ಟ್ಯಾಂಕಿಗೆ ನೇರವಾಗಿ ಬಿಸಿನೀರು ಸುರಿಯಬೇಡಿ.

ಗೋಕುಲರಸ್ತೆ_ವಾಯರಿಂಗ್
ವೃತ್ತಿಯಲ್ಲಿ ಎಲೆಕ್ಟ್ರಿಷಿಯನ್. ಹೀಟರ್ ಎಷ್ಟು ವ್ಯಾಟ್ ಅನ್ನುವುದಕ್ಕಿಂತ ಮುಖ್ಯವಾದ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಮನೆಯಲ್ಲಿ ಸಣ್ಣ ಮಗು ಇದೆ.

ನೀರು ಮತ್ತು ಕರೆಂಟ್ ಒಂದೇ ಪೆಟ್ಟಿಗೆಯಲ್ಲಿ ಇವೆ. ಟ್ಯಾಂಕಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತು ಪಕ್ಕಕ್ಕೆ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಎಷ್ಟೋ ಹಳೆಯ ಮನೆಗಳಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುತ್ತವೆ, ಸ್ವಿಚ್ ಆಫ್ ಇದ್ದರೂ ಒಳಗೆ ಕರೆಂಟ್ ಇರುತ್ತದೆ. ಮೂರು ಪಿನ್ ಇದ್ದ ಮಾತ್ರಕ್ಕೆ ಅರ್ತಿಂಗ್ ಇದೆ ಅಂತಲೂ ಅಲ್ಲ, ಒಬ್ಬರನ್ನು ಕರೆಸಿ ಪರೀಕ್ಷೆ ಮಾಡಿಸಿ. ಮನೆಯ ಮೇನ್ ಬೋರ್ಡ್‌ನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಅನ್ನುವ ಸುರಕ್ಷತೆ ಸ್ವಿಚ್ ಇದ್ದರೆ ಕರೆಂಟ್ ಸೋರಿಕೆ ಆದ ಕೂಡಲೇ ಕಟ್ ಆಗುತ್ತದೆ. ಇಲ್ಲದಿದ್ದರೆ ಹಾಕಿಸಿಕೊಳ್ಳಿ, ಅದು ಮೀನಿಗಲ್ಲ, ನಿಮಗೆ.

ಇನ್ನು ವಯರ್. ಟ್ಯಾಂಕಿನಿಂದ ಸಾಕೆಟ್‌ಗೆ ನೇರವಾಗಿ ಇಳಿದು ಬರಬಾರದು. ಸಾಕೆಟ್‌ಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೆ ಹೋಗಬೇಕು. ಆಗ ವಯರ್ ಹಿಡಿದು ಜಾರುವ ನೀರಿನ ಹನಿ ಆ ಬಗ್ಗಿದ ಜಾಗದಲ್ಲಿ ನೆಲಕ್ಕೆ ಬೀಳುತ್ತದೆ, ಸಾಕೆಟ್ ಒಳಗೆ ಹೋಗುವುದಿಲ್ಲ.

ನೀರು ಬದಲಿಸುವಾಗ ಹೀಟರ್ ಪ್ಲಗ್ ಕಿತ್ತು ಒಂದು 15-20 ನಿಮಿಷ ಆರಲಿಕ್ಕೆ ಬಿಡಿ. ಕಾದ ಗಾಜಿನ ಹೀಟರ್ ನೀರಿನಿಂದ ಹೊರಗೆ ಬಂದು, ಅದರ ಮೇಲೆ ತಣ್ಣೀರು ಬಿದ್ದರೆ ಸೀಳುತ್ತದೆ.

ಸಪ್ತಾಪುರ_ಹೊಸಬ
ಬಹಳ ಉಪಕಾರ ಆಯಿತು ಸರ್. ಅರ್ತಿಂಗ್ ನೋಡಲಿಕ್ಕೆ ಇವತ್ತೇ ಹೇಳಿ ಕಳಿಸಿದ್ದೇನೆ. ಅಂಗಡಿಯಲ್ಲಿ 200 ವ್ಯಾಟ್ ಹೀಟರ್ ಕೊಡುತ್ತೇನೆ ಅಂದರು, 'ಬೇಗ ಕಾಯುತ್ತದೆ' ಅಂತ. ತಗೊಳ್ಳಲಾ?

ಉಣಕಲ್_ಅಕ್ವಾ
ಬೇಡ! ಬೇಗ ಕಾಯುವುದೇ ಅಪಾಯ. ಸಾಮಾನ್ಯವಾಗಿ ಲೀಟರ್‌ಗೆ ಒಂದು ವ್ಯಾಟ್ ಅಂತ ಲೆಕ್ಕ. ನಿಮ್ಮ 45 ಲೀಟರ್‌ಗೆ 50 ವ್ಯಾಟ್ ಸಾಕು. 50 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲಿಕ್ಕೆ 50 ವ್ಯಾಟ್ ಹೀಟರ್‌ಗೆ ಒಂದು ತಾಸಿಗಿಂತ ಸ್ವಲ್ಪ ಜಾಸ್ತಿ ಬೇಕು. ನಮಗೆ ಬೇಕಾಗಿರುವುದು ಕೋಣೆಗಿಂತ ನಾಲ್ಕೈದು ಡಿಗ್ರಿ ಮೇಲೆ ಹಿಡಿದಿಡುವುದು, ಅಷ್ಟೇ. ಯುರೋಪಿನ ಹಿಮಕ್ಕೆ ಮಾಡಿದ ಲೆಕ್ಕ ನಮಗೆ ಬೇಡ.

ಹೀಟರ್ ಕೆಡುವುದು ಎರಡು ತರಹ. ಒಂದು, ಕಾಯುವುದೇ ಇಲ್ಲ. ಅದು ಪರವಾಗಿಲ್ಲ, ಮೀನು ಸ್ವಲ್ಪ ನಡುಗುತ್ತದೆ, ನಾವು ನೋಡಿ ಸರಿ ಮಾಡುತ್ತೇವೆ. ಇನ್ನೊಂದು, ಬಿಸಿ ನೋಡಿ ಆನ್-ಆಫ್ ಮಾಡುವ ಥರ್ಮೋಸ್ಟಾಟ್ ಅಂಟಿಕೊಂಡು ಆಫ್ ಆಗುವುದೇ ಇಲ್ಲ. 200 ವ್ಯಾಟ್ ಹೀಟರ್ ಹಾಗೆ ಅಂಟಿಕೊಂಡರೆ ನಿಮ್ಮ ಟ್ಯಾಂಕ್ ತಾಸಿಗೆ ಮೂರು ನಾಲ್ಕು ಡಿಗ್ರಿ ಏರುತ್ತದೆ. ಮುಂಜಾನೆ ಏಳುವಷ್ಟರಲ್ಲಿ ಮುಗಿದಿರುತ್ತದೆ. 50 ವ್ಯಾಟ್ ಅಂಟಿಕೊಂಡರೆ ಏರುವುದೂ ನಿಧಾನ, ಬಹಳ ಮೇಲೆ ಹೋಗಲಿಕ್ಕೂ ಆಗುವುದಿಲ್ಲ, ಏರಿದಷ್ಟೂ ಕೋಣೆಗೆ ಬಿಸಿ ಬಿಟ್ಟುಕೊಡುತ್ತದೆ. ಎಷ್ಟೋ ಜನ ದೊಡ್ಡ ಟ್ಯಾಂಕಿಗೂ ಒಂದೇ ದೊಡ್ಡ ಹೀಟರ್ ಬದಲು ಎರಡು ಸಣ್ಣವು ಹಾಕುವುದು ಇದಕ್ಕೇ.

25ಕ್ಕೆ ಇಡಿ. 28 ಬೇಡ. ಹಗಲು ಹೇಗೂ ನೀರು 25 ಮುಟ್ಟುತ್ತದೆ, ಆಗ ಹೀಟರ್ ತಾನೇ ಆಫ್ ಇರುತ್ತದೆ. ರಾತ್ರಿ ಮಾತ್ರ ಕೆಲಸ ಮಾಡುತ್ತದೆ. ಫಿಲ್ಟರ್ ನೀರು ಬೀಳುವ ಜಾಗದ ಹತ್ತಿರ ಇಡಿ, ಬಿಸಿ ಎಲ್ಲ ಕಡೆ ಹರಡುತ್ತದೆ. ಮೂಲೆಯಲ್ಲಿ ನಿಂತ ನೀರಿನಲ್ಲಿ ಇಟ್ಟರೆ ಅಲ್ಲಷ್ಟೇ ಕಾದು ಬೇಗ ಆಫ್ ಆಗುತ್ತದೆ. ಅದರ ಮೇಲೆ ಬರೆದ ಅಂಕಿ ನಂಬಬೇಡಿ, ಥರ್ಮಾಮೀಟರ್ ನಂಬಿ.

ವಿದ್ಯಾನಗರ_ಅಕ್ಕ
ಬಿಲ್ ಬಗ್ಗೆ ನಾನು ಹೇಳುತ್ತೇನೆ. 50 ವ್ಯಾಟ್ ಹೀಟರ್ ರಾತ್ರಿ ಹತ್ತು ತಾಸು ಕಾದರೂ ಅರ್ಧ ಯೂನಿಟ್. ತಿಂಗಳಿಗೆ 15 ಯೂನಿಟ್. ಮುಚ್ಚಳ, ಥರ್ಮಾಕೋಲ್ ಇದ್ದರೆ ಅದಕ್ಕಿಂತ ಕಡಿಮೆ. ನನ್ನ ಡಿಸ್ಕಸ್ ಟ್ಯಾಂಕಿಗೆ 300 ವ್ಯಾಟ್ ಬೇಕು, ಅದು ದಿನಕ್ಕೆ ಮೂರು ಯೂನಿಟ್ ತಿನ್ನುವುದೂ ಉಂಟು. ಗೃಹಜ್ಯೋತಿಯಲ್ಲಿ ಇರುವವರು ಒಂದು ಗಮನಿಸಿ. ನಿಮ್ಮ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಅಷ್ಟು ಮಾತ್ರ ಉಚಿತ. ಅದನ್ನು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಡಿಸ್ಕಸ್ ತರುವ ಮೊದಲು ಮನೆಯಲ್ಲಿ ಈ ಮಾತು ಆಡಿಕೊಳ್ಳಿ.

ಕರೆಂಟ್ ಹೋದರೆ ಗಾಬರಿ ಬೇಡ. ಟ್ಯಾಂಕ್ ಸುತ್ತ ಒಂದು ದಪ್ಪ ಕೌದಿ ಹೊದಿಸಿಬಿಡಿ. ಪ್ಲಗ್ ಕಿತ್ತ ಮೇಲೆ, ಬಟ್ಟೆ ನೀರಿಗೆ ತಾಗದ ಹಾಗೆ. ಮೂರು ನಾಲ್ಕು ತಾಸು ಬಿಸಿ ಚೆನ್ನಾಗಿ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಬಿಸಿಗಿಂತ ಗಾಳಿಯದ್ದೇ ತೊಂದರೆ ಜಾಸ್ತಿ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿ ಇರಲಿ. ಕರೆಂಟ್ ಇಲ್ಲದಾಗ ಮೀನಿಗೆ ಊಟ ಹಾಕಬೇಡಿ.

ಸಪ್ತಾಪುರ_ಹೊಸಬ
ಕಿಡಕಿಯಿಂದ ಸರಿಸಿ, ಮುಚ್ಚಳ ಹಾಕಿ, ಥರ್ಮಾಕೋಲ್ ಇಟ್ಟೆ. ಹೀಟರ್ ಇಲ್ಲದೆಯೇ ಮುಂಜಾನೆ 22 ಬಂತು! ಫೈಟರ್‌ಗೆ ಹೊಸ ಟ್ಯಾಂಕ್, 25 ವ್ಯಾಟ್ ಹೀಟರ್ ಬಂದಿದೆ. ಎಲೆಯ ಕೆಳಗೆ ಬಿದ್ದುಕೊಂಡಿರುತ್ತಿದ್ದದ್ದು ಈಗ ಮಗಳ ಬೆರಳಿನ ಹಿಂದೆ ಗಾಜಿನ ಉದ್ದಕ್ಕೂ ಬರುತ್ತದೆ. ಆದರೆ ಒಂದು ಏಂಜಲ್ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಾಣುತ್ತಿದೆ. ಕಲ್ಲಿಗೆ ಮೈ ಉಜ್ಜುತ್ತದೆ.

ಉಣಕಲ್_ಅಕ್ವಾ
ಅದು ಬಿಳಿ ಚುಕ್ಕೆ ರೋಗ. ಇಕ್ ಅನ್ನುತ್ತಾರೆ. ಥಂಡಿಯಲ್ಲಿ ಮೈ ಶಕ್ತಿ ಕುಂದಿದಾಗ ಹಿಡಿಯುತ್ತದೆ. ತಡ ಮಾಡಬೇಡಿ, ಆದರೆ ಅವಸರವನ್ನೂ ಮಾಡಬೇಡಿ.

ಇದು ಒಂದು ಪರೋಪಜೀವಿ. ಮೈಮೇಲೆ ಚುಕ್ಕೆಯಾಗಿ ಇದ್ದಾಗ ಚರ್ಮದ ಒಳಗೆ ಇರುತ್ತದೆ, ಔಷಧ ತಾಗುವುದಿಲ್ಲ. ಬೆಳೆದು ಉದುರಿ ತಳಕ್ಕೆ ಬೀಳುತ್ತದೆ, ಅಲ್ಲಿ ಒಡೆದು ನೂರಾರು ಮರಿಗಳಾಗಿ ನೀರಿನಲ್ಲಿ ಈಜುತ್ತಾ ಹೊಸ ಮೀನು ಹುಡುಕುತ್ತದೆ. ಈಜುವ ಹೊತ್ತಿನಲ್ಲಿ ಮಾತ್ರ ಔಷಧಕ್ಕೆ ಸಿಗುತ್ತದೆ. ನೀರು 25 ಇದ್ದರೆ ಈ ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ, 15-16 ಇದ್ದರೆ ವಾರಗಟ್ಟಲೆ ಎಳೆಯುತ್ತದೆ. ಅದಕ್ಕೇ ಥಂಡಿ ನೀರಿನಲ್ಲಿ ಎರಡು ದಿನ ಔಷಧ ಹಾಕಿ ನಿಲ್ಲಿಸಿದರೆ ರೋಗ ಮತ್ತೆ ಬರುತ್ತದೆ.

ಈಗ ದೊಡ್ಡ ಟ್ಯಾಂಕಿಗೂ ಹೀಟರ್ ತನ್ನಿ, ಇಲ್ಲಿ ಅದು ಔಷಧದಷ್ಟೇ ಕೆಲಸ ಮಾಡುತ್ತದೆ. ನಿಧಾನಕ್ಕೆ, ದಿನಕ್ಕೆ ಒಂದೆರಡು ಡಿಗ್ರಿಯಂತೆ 30ಕ್ಕೆ ಏರಿಸಿ. ಆ ಬಿಸಿಯಲ್ಲಿ ಅದರ ಮರಿಗಳು ಮುಂದೆ ಬೆಳೆಯುವುದು ಕಷ್ಟ. ನಿಮ್ಮ ಮೂರೂ ಮೀನು 30 ತಡೆಯುತ್ತವೆ. ಏರ್ ಪಂಪ್ ಹಗಲು ರಾತ್ರಿ ಓಡಬೇಕು, ಯಾಕೆಂದರೆ ಬಿಸಿ ಏರಿದ ಹಾಗೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ. ಲೀಟರ್‌ಗೆ ಒಂದೆರಡು ಗ್ರಾಂ ಕಲ್ಲುಪ್ಪು ಬೇರೆ ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪ ಹಾಕಿ. ಗಪ್ಪಿ, ಮೋಲಿ ಉಪ್ಪು ಚೆನ್ನಾಗಿ ತಡೆಯುತ್ತವೆ. ಲೋಚ್, ಕೋರಿ ಜಾತಿಯ ಮೀನು ಇದ್ದವರು ಉಪ್ಪಿನ ಗೋಜಿಗೆ ಹೋಗಬೇಡಿ. ಚುಕ್ಕೆ ಪೂರ್ತಿ ಹೋದ ಮೇಲೂ ಒಂದು ವಾರ ಹಾಗೇ ಇಡಿ. ಆ ಟ್ಯಾಂಕಿನಲ್ಲಿ ಮೀನು ಹಿಡಿಯುವ ಜಾಲಿ ಫೈಟರ್ ಟ್ಯಾಂಕಿಗೆ ಬಳಸಬೇಡಿ.

ಹಾವೇರಿ_ವರದಾ
ಮೋಲಿ ಏನಾಯಿತು, ಓಲಾಡುವುದು ನಿಂತಿತಾ?

ಸಪ್ತಾಪುರ_ಹೊಸಬ
ನಿಂತಿದೆ. ಏಂಜಲ್ ಚುಕ್ಕೆ ಮೊದಲು ಜಾಸ್ತಿ ಆಗಿ ಹೆದರಿಸಿತು, ಆಮೇಲೆ ಉದುರಿತು. ಈಗ ಮೈ ಶುದ್ಧವಾಗಿದೆ. ಊಟಕ್ಕೆ ಮುಂದೆ ಬರುತ್ತದೆ. ನೀರನ್ನು ನಿಧಾನಕ್ಕೆ 26ಕ್ಕೆ ಇಳಿಸಿದ್ದೇನೆ. ಹೀಟರ್ ವರ್ಷಪೂರ್ತಿ ಟ್ಯಾಂಕ್‌ನಲ್ಲೇ ಇರಬೇಕಾ? ಬೇಸಿಗೆಯಲ್ಲಿ ಏನು ಮಾಡುತ್ತೀರಿ?

ಗದಗ_ಗಾಳಿ
ಬೇಸಿಗೆಯೇ ನಮ್ಮ ಗದಗದವರಿಗೆ ನಿಜವಾದ ಪರೀಕ್ಷೆ ತಮ್ಮಾ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 37-38. ಕಾಂಕ್ರೀಟ್ ತಾರಸಿಯ ಮನೆಯಲ್ಲಿ ನೀರು 32ಕ್ಕೆ ಏರುತ್ತದೆ. ನನ್ನ ಉಪಾಯ ಸರಳ. ಚಳಿಗಾಲದಲ್ಲಿ ಮುಚ್ಚಳ, ಬೇಸಿಗೆಯಲ್ಲಿ ಮುಚ್ಚಳ ತೆಗೆದು ಜಾಲರಿ. ಮೇಲೆ ಒಂದು ಸಣ್ಣ ಫ್ಯಾನ್ ನೀರಿನ ಮೇಲೆ ಬೀಸುವ ಹಾಗೆ. ಒಣ ಗಾಳಿಗೆ ಎರಡು ಮೂರು ಡಿಗ್ರಿ ಆರಾಮವಾಗಿ ಇಳಿಯುತ್ತದೆ. ಉಣಕಲ್ ಅಣ್ಣ ಹೇಳಿದ ಆವಿಯ ಲೆಕ್ಕವೇ ಇದು. ನೀರು ದಿನಾ ಸ್ವಲ್ಪ ಕಡಿಮೆ ಆಗುತ್ತದೆ, ತುಂಬುತ್ತಾ ಇರಬೇಕು.

ಐಸ್ ತುಂಡು ಹಾಕುವವರಿದ್ದಾರೆ. ಅದು ಬೇಡವೇ ಬೇಡ. ಅರ್ಧ ತಾಸಿನಲ್ಲಿ ಇಳಿದು ಮತ್ತೆ ಏರಿ ಮೀನಿಗೆ ಹಿಂಸೆ.

ಉಣಕಲ್_ಅಕ್ವಾ
ಗದಗದ ಅಣ್ಣ ಹೇಳಿದ್ದಕ್ಕೆ ಒಂದೇ ಸೇರಿಸುತ್ತೇನೆ. 25 ಡಿಗ್ರಿ ನೀರು ಲೀಟರ್‌ಗೆ 8.3 ಮಿಲಿಗ್ರಾಂವರೆಗೆ ಆಮ್ಲಜನಕ ಹಿಡಿಯುತ್ತದೆ. 32ರಲ್ಲಿ 7.3ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿಗೆ ಉಸಿರು ಜಾಸ್ತಿ ಬೇಕಾಗಿರುತ್ತದೆ. ಬೇಸಿಗೆಯಲ್ಲಿ ಮುಂಜಾನೆ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಇದೇ ಕಾರಣ. ಮೀನು ಕಡಿಮೆ ಇಡಿ, ಊಟ ಕಡಿಮೆ ಹಾಕಿ, ಏರ್ ಪಂಪ್ ನಿಲ್ಲಿಸಬೇಡಿ.

ಹೀಟರ್ ಮಾರ್ಚ್‌ನಲ್ಲಿ ತೆಗೆಯಬಹುದು. ಮುಂಜಾನೆ ನೀರು ತಾನಾಗಿಯೇ 25ಕ್ಕಿಂತ ಕೆಳಗೆ ಇಳಿಯದಿದ್ದರೆ ತೆಗೆಯುವ ಹೊತ್ತು ಬಂತು ಅಂತ ಅರ್ಥ. ಆದರೆ ಜೂನ್‌ಗೆ ಕೈಗೆ ಸಿಗುವ ಹಾಗೆ ಇಡಿ. ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲಿಲ್ಲ. ಹಗಲು ರಾತ್ರಿ ವ್ಯತ್ಯಾಸ ಕಡಿಮೆ, ಅದು ಒಳ್ಳೆಯದು, ಆದರೆ ನೀರು 22-23ರಲ್ಲೇ ನಿಂತುಬಿಡುತ್ತದೆ. ಗಪ್ಪಿಗೆ ನಡೆಯುತ್ತದೆ, ಏಂಜಲ್‌ಗೆ ಬೇಕು.

ಗೋಕುಲರಸ್ತೆ_ವಾಯರಿಂಗ್
ತೆಗೆದಿಡುವಾಗ ಗಾಜಿನ ಮೇಲಿನ ಬಿಳಿ ಸುಣ್ಣವನ್ನು ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ತೊಳೆದು, ಒಣಗಿಸಿ. ಮತ್ತೆ ಹಾಕುವ ಮೊದಲು ವಯರ್ ಗಾಜಿಗೆ ಸೇರುವ ಜಾಗದ ರಬ್ಬರ್ ನೋಡಿ. ಒಳಗೆ ಒಂದು ಹನಿ ನೀರು, ಮಂಜು ಕಂಡರೂ ಆ ಹೀಟರ್ ಬಳಸಬೇಡಿ. ಸರಿ ಇದ್ದರೆ ಮೊದಲು ಬಕೆಟ್ ನೀರಿನಲ್ಲಿ ಒಂದು ರಾತ್ರಿ ಓಡಿಸಿ, ಹೇಳಿದ ಡಿಗ್ರಿಗೆ ಆಫ್ ಆಗುತ್ತದಾ ನೋಡಿ, ಆಮೇಲೆ ಟ್ಯಾಂಕಿಗೆ ಇಳಿಸಿ. ಆ ಬಕೆಟ್ ಮಗುವಿನ ಕೈಗೆ ಸಿಗದ ಕೋಣೆಯಲ್ಲಿರಲಿ.